ಗ್ಯಾರೇಜಿಗೆ ಹೀಟರ್ ಕೊಳ್ಳುವ ಮೊದಲು, ಉರಿದ ಗಾಳಿ ಹೋಗುವ ದಾರಿ ನೋಡಿ

ಮಾನ್ಯ ಸಂಪಾದಕರೇ,

ಚಳಿಗಾಲ ಬಂತೆಂದರೆ, ಬಾಗಿಲು ಕಿಟಕಿ ಮುಚ್ಚಿ ಕೋಣೆಯೊಳಗೆ ಕೆಂಡ ಇಟ್ಟುಕೊಂಡು ಮಲಗಿದವರು ಬೆಳಗಾಗುವಷ್ಟರಲ್ಲಿ ಪ್ರಾಣ ಬಿಟ್ಟ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಒಂದಲ್ಲ ಒಂದು ಕಡೆಯಿಂದ ಬರುತ್ತದೆ. ಅಂಥ ಸುದ್ದಿಗಳಲ್ಲಿ ಸಾಮಾನ್ಯವಾಗಿ ‘ಹೊಗೆಯಿಂದ ಉಸಿರುಗಟ್ಟಿ’ ಎಂಬ ಮಾತು ಇರುತ್ತದೆ. ನಿಜವಾಗಿ ಕೊಲ್ಲುವುದು ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ. ‘ಹೊಗೆ’ ಎಂಬ ಆ ಒಂದು ಮಾತು ಎಷ್ಟು ಜನರನ್ನು ದಾರಿ ತಪ್ಪಿಸುತ್ತದೆ ಎಂಬುದು ನನಗೆ ಅರ್ಥವಾದದ್ದು ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ. ನಿಮ್ಮ ಓದುಗರಲ್ಲಿ ಮಕ್ಕಳು ಅಮೆರಿಕ, ಕೆನಡಾಗಳಲ್ಲಿ ನೆಲೆಸಿರುವ ತಂದೆ ತಾಯಂದಿರು ಬಹಳ ಮಂದಿ ಇದ್ದಾರೆ. ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದೋ ಅವರು ಚಳಿಗಾಲದಲ್ಲಿಯೂ ಇಲ್ಲಿಗೆ ಬರುತ್ತಾರೆ. ಅವರಿಗೂ ಅವರ ಮಕ್ಕಳಿಗೂ ಉಪಯೋಗವಾಗಲಿ ಎಂದು ಈ ಪತ್ರವನ್ನು ತುಸು ವಿವರವಾಗಿಯೇ ಬರೆಯುತ್ತಿದ್ದೇನೆ.

ಇಲ್ಲಿನ ಚಳಿಯ ಅಂದಾಜು ಕೊಡಲು ಒಂದು ಹೋಲಿಕೆ ಸಾಕು. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 1884ರ ಜನವರಿ 13ರಂದು ಇದ್ದ 7.8 ಡಿಗ್ರಿ ಸೆಲ್ಸಿಯಸ್. ನಮ್ಮ ಮನೆಗೆ ಹತ್ತಿರದ ಮಿನ್ನಿಯಾಪೊಲಿಸ್ ನಗರದಲ್ಲಿ ಜನವರಿಯ ಸಾಮಾನ್ಯ ರಾತ್ರಿಯೇ ಸೊನ್ನೆಗಿಂತ 13 ಡಿಗ್ರಿ ಕೆಳಗಿರುತ್ತದೆ. 2019ರ ಜನವರಿ 30ರಂದು ಅದು ಸೊನ್ನೆಯ ಕೆಳಗೆ 33 ಡಿಗ್ರಿ ಮುಟ್ಟಿತ್ತು. ಗ್ಯಾರೇಜ್ ಎಂದರೆ ನಮ್ಮ ಊರಿನ ಕಾರು ನಿಲ್ಲಿಸುವ ಶೆಡ್ಡಿನಂತೆ ಅಂಗಳದ ಮೂಲೆಯಲ್ಲಿ ಪ್ರತ್ಯೇಕವಾಗಿ ಇರುವುದಲ್ಲ. ಹೆಚ್ಚಿನ ಮನೆಗಳಲ್ಲಿ ಅದು ಮನೆಗೆ ಅಂಟಿಕೊಂಡೇ ಇರುತ್ತದೆ, ಅಡುಗೆಮನೆಗೆ ಅಲ್ಲಿಂದಲೇ ಒಂದು ಬಾಗಿಲು ಇರುತ್ತದೆ. ಆರು ತಿಂಗಳು ಹೊರಗೆ ಕುಳಿತು ಏನೂ ಮಾಡಲಾಗದ ಇಂಥ ಊರಿನಲ್ಲಿ ಮರಗೆಲಸ, ಸೈಕಲ್ ರಿಪೇರಿ, ವ್ಯಾಯಾಮ ಎಲ್ಲವೂ ಗ್ಯಾರೇಜಿನಲ್ಲಿಯೇ ನಡೆಯುತ್ತವೆ. ಆದ್ದರಿಂದ ಅಲ್ಲಿಗೊಂದು ಹೀಟರ್ ಬೇಕೆನಿಸುವುದು ಸಹಜ.

ಎರಡು ವರ್ಷದ ಹಿಂದೆ ನನ್ನ ಬಾಣಂತನಕ್ಕೆ ತೀರ್ಥಹಳ್ಳಿಯ ಕಡೆಯಿಂದ ಅಪ್ಪ ಅಮ್ಮ ಬಂದಿದ್ದರು. ಅಪ್ಪನಿಗೆ ಮರಗೆಲಸದಲ್ಲಿ ಒಳ್ಳೆಯ ಕೈ ಇದೆ. ಮೂರನೇ ತಿಂಗಳಲ್ಲಿ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ತಾವೇ ತೊಟ್ಟಿಲು ಮಾಡಬೇಕೆಂಬ ಆಸೆಯಿಂದ ಓಕ್ ಮರದ ಹಲಗೆಗಳನ್ನು ತರಿಸಿಕೊಂಡು, ಗ್ಯಾರೇಜಿನ ಒಂದು ಬದಿಯಲ್ಲಿ ಕೆಲಸ ಶುರು ಮಾಡಿದರು. ಮೊದಲ ವಾರವೇ ತೊಂದರೆ ಕಾಣಿಸಿತು. ಕೂಡಿಕೆಗೆ ಹಾಕಿದ ಗೋಂದು ಒಣಗಿದ ಮೇಲೆ ಸುಣ್ಣದ ಪುಡಿಯ ಹಾಗೆ ಬೆಳ್ಳಗಾಗಿ, ಕೈಯಿಂದ ಎಳೆದರೆ ತೊಟ್ಟಿಲಿನ ಕಾಲು ಪಟ್ಟಿಯಿಂದ ಬಿಟ್ಟುಬರುತ್ತಿತ್ತು. ಮರದ ಗೋಂದು ಹಿಡಿಯಬೇಕಾದರೆ ಸುಮಾರು 10 ಡಿಗ್ರಿಯಾದರೂ ಬೇಕು, ಅದಕ್ಕಿಂತ ತಣ್ಣಗಿದ್ದರೆ ಅದು ಪದರವಾಗಿ ಕೂಡಿಕೊಳ್ಳದೆ ಪುಡಿಯಾಗುತ್ತದೆ. ಬಾಟಲಿಯ ಮೇಲೆ ಇದನ್ನು ಬರೆದಿದ್ದರೂ ನಾವು ಓದಿರಲಿಲ್ಲ.

ಹಾಗಾಗಿ ನನ್ನ ಪತಿ ಹತ್ತಿರದ ಅಂಗಡಿಯೊಂದರಿಂದ ಪ್ರೊಪೇನ್ ಸಿಲಿಂಡರಿನ ತಲೆಯ ಮೇಲೆ ಕೂರಿಸುವ ಹೀಟರ್ ತಂದರು. ನಮ್ಮ ಊರಿನ ಅಡುಗೆ ಸಿಲಿಂಡರಿನಲ್ಲಿ ಬ್ಯುಟೇನ್ ಕೂಡ ಬೆರೆತಿರುತ್ತದೆ, ಆದರೆ ಬ್ಯುಟೇನ್ ಸೊನ್ನೆ ಡಿಗ್ರಿಯ ಹತ್ತಿರವೇ ಆವಿಯಾಗದೆ ನಿಂತುಬಿಡುತ್ತದೆ; ಪ್ರೊಪೇನ್ ಸೊನ್ನೆಯ ಕೆಳಗೆ 42 ಡಿಗ್ರಿಯವರೆಗೂ ಅನಿಲವಾಗಿ ಹೊರಬರುತ್ತದೆ. ಆದ್ದರಿಂದ ಇಲ್ಲಿನ ಚಳಿಗೆ ಅದೇ ಸರಿ ಎಂದು ಅಂಗಡಿಯವರು ಹೇಳಿದ್ದು ನಿಜವೇ ಆಗಿತ್ತು. ಉರಿದ ಮೇಲೆ ಆಗುವುದೇನು ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಪೆಟ್ಟಿಗೆಯ ಮೇಲೆ ಗಾಳಿಯಾಡುವ ಜಾಗದಲ್ಲಿ ಮಾತ್ರ ಬಳಸಿ ಎಂದು ಸಣ್ಣ ಅಕ್ಷರದಲ್ಲಿ ಇತ್ತು. ದೊಡ್ಡ ಬಾಗಿಲನ್ನು ಒಂದು ಅಡಿ ಎತ್ತಿಟ್ಟರೆ ಕಾಲಿನ ಮೇಲೆ ಹಿಮದ ಗಾಳಿ ಬೀಸುತ್ತಿತ್ತು. ಹೀಗಾಗಿ ಅಪ್ಪ ಅದನ್ನು ಪೂರ್ತಿ ಇಳಿಸಿಬಿಟ್ಟರು.

ಮಗು ಹುಟ್ಟಿ ಮೂರು ವಾರವಾಗಿತ್ತು. ಮಧ್ಯಾಹ್ನ ಒಂದೂವರೆ ಗಂಟೆ ಕೆಲಸ ಮಾಡಿ ಅಪ್ಪ ಒಳಗೆ ಬಂದು ಅಡುಗೆಮನೆಯ ಕುರ್ಚಿಯಲ್ಲಿ ಕುಳಿತರು. ‘ತಲೆ ಯಾಕೋ ಭಾರ ಆಗ್ತಿದೆ, ಚಳಿಗೆ ಇರಬೇಕು, ಒಂದು ಲೋಟ ಕಾಫಿ ಕುಡಿದರೆ ಸರಿಯಾಗ್ತದೆ’ ಎಂದರು. ಅಮ್ಮ ಕಾಫಿ ಬೆರೆಸುತ್ತಿದ್ದಂತೆ ಮಲಗುವ ಕೋಣೆಯ ಎದುರಿನ ಗೋಡೆಯಲ್ಲಿದ್ದ ಅಲಾರಂ ಒಮ್ಮೆಗೆ ನಾಲ್ಕು ಸಲ, ಸ್ವಲ್ಪ ತಡೆದು ಮತ್ತೆ ನಾಲ್ಕು ಸಲ ಕೂಗತೊಡಗಿತು. ಅದು ಕಾರ್ಬನ್ ಮಾನಾಕ್ಸೈಡಿನ ಅಲಾರಂ. ಮಗುವನ್ನು ಎರಡು ಕಂಬಳಿಗಳಲ್ಲಿ ಸುತ್ತಿಕೊಂಡು, ಬರಿಗಾಲಿನಲ್ಲಿದ್ದ ಅಮ್ಮನನ್ನು ಹಾಗೆಯೇ ಎಳೆದುಕೊಂಡು, ಪಕ್ಕದ ಮನೆಗೆ ಓಡಿದೆವು. ಅಗ್ನಿಶಾಮಕ ದಳದವರು ಹತ್ತು ನಿಮಿಷದೊಳಗೆ ಬಂದು ಅಳೆಯುವ ಯಂತ್ರ ಹಿಡಿದು ಒಳಹೊಕ್ಕರು. ಅವರಲ್ಲೊಬ್ಬರು ಹೊರಬಂದು ನನ್ನ ಪತಿಯನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಈ ಹೀಟರಿನಲ್ಲಿ ಉರಿದ ಗಾಳಿ ಎಲ್ಲಿಗೆ ಹೋಗುತ್ತದೆ?’ ನಮ್ಮಲ್ಲಿ ಉತ್ತರವಿರಲಿಲ್ಲ. ಅಪ್ಪನಿಗೆ ಆಸ್ಪತ್ರೆಯಲ್ಲಿ ಕೆಲವು ಗಂಟೆ ಆಮ್ಲಜನಕ ಕೊಟ್ಟು ರಾತ್ರಿ ಮನೆಗೆ ಕಳುಹಿಸಿದರು.

ಅಪ್ಪ ಅಜಾಗರೂಕರಲ್ಲ ಎಂಬುದನ್ನು ನಾನು ಇಲ್ಲಿ ಹೇಳಲೇಬೇಕು. ಅವರ ಅನುಭವ ಬೇರೆ ಬಗೆಯ ಮನೆಯದು. ನಮ್ಮ ಊರಿನ ಬಚ್ಚಲಲ್ಲಿ ಹಂಡೆಯ ಕೆಳಗೆ ದಿನವೂ ಬೆಂಕಿ ಉರಿಯುತ್ತದೆ, ಮಳೆಗಾಲದಲ್ಲಿ ಆ ಒಲೆಯ ಮುಂದೆಯೇ ಕುಳಿತು ಮೈ ಕಾಯಿಸಿಕೊಳ್ಳುತ್ತೇವೆ. ಯಾರಿಗೂ ಏನೂ ಆಗುವುದಿಲ್ಲ, ಏಕೆಂದರೆ ಹೆಂಚಿನ ಸಂದಿಗಳಿಂದ, ಗೋಡೆಯ ಮೇಲಿನ ಕಂಡಿಗಳಿಂದ, ಸರಿಯಾಗಿ ಕೂರದ ಹಲಗೆ ಬಾಗಿಲಿನಿಂದ ಗಾಳಿ ಬಂದು ಹೋಗುತ್ತಲೇ ಇರುತ್ತದೆ. ಜೊತೆಗೆ ಹೊಗೆ ಕಣ್ಣಿಗೆ ಹತ್ತಿದರೆ ನಾವೇ ಎದ್ದು ಬಾಗಿಲು ತೆರೆಯುತ್ತೇವೆ. ಪ್ರೊಪೇನ್ ಹೀಟರಿಗೂ ಚೆನ್ನಾಗಿ ಹತ್ತಿಕೊಂಡ ಇದ್ದಿಲ ಕೆಂಡಕ್ಕೂ ಹೊಗೆಯೇ ಇಲ್ಲ. ಹೊಗೆ ಇಲ್ಲವೆಂದು ಧೈರ್ಯದಿಂದ ಬಾಗಿಲು ಮುಚ್ಚುತ್ತೇವೆ, ಅಪಾಯ ಶುರುವಾಗುವುದು ಅಲ್ಲಿಂದಲೇ.

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರಿಸುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಕರಿಕೆ. ಹೆಚ್ಚಾದರೆ ಎದ್ದು ಬಾಗಿಲಿನವರೆಗೆ ಹೋಗುವ ಶಕ್ತಿಯೂ ಉಳಿಯುವುದಿಲ್ಲ, ನಿದ್ದೆಯಲ್ಲಿದ್ದವರಿಗಂತೂ ತಿಳಿಯುವುದೇ ಇಲ್ಲ. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಕಡಿಮೆಯಾದಷ್ಟೂ ಇಂಧನ ಅರೆಬರೆ ಉರಿದು ಈ ಅನಿಲ ಇನ್ನಷ್ಟು ಹುಟ್ಟುತ್ತದೆ. ಬೆಂಕಿ ಅನಾಹುತಗಳನ್ನು ಬಿಟ್ಟು, ಕೇವಲ ಈ ಅನಿಲ ಸೇವನೆಯಿಂದಲೇ ಅಮೆರಿಕದಲ್ಲಿ ವರ್ಷಕ್ಕೆ 400ಕ್ಕೂ ಹೆಚ್ಚು ಜನ ಆಕಸ್ಮಿಕವಾಗಿ ಸಾಯುತ್ತಾರೆ ಎಂದು ಇಲ್ಲಿನ ರೋಗ ನಿಯಂತ್ರಣ ಕೇಂದ್ರವೇ ಹೇಳುತ್ತದೆ. ‘ಮನೆಯೊಳಗೂ ಬಳಸಬಹುದು’ ಎಂದು ಮಾರುವ ಕೆಲವು ಗ್ಯಾಸ್ ಹೀಟರುಗಳಲ್ಲಿ ಆಮ್ಲಜನಕ ಕಡಿಮೆಯಾದರೆ ಆರಿಸುವ ಸಾಧನ ಇರುತ್ತದೆ. ಅದು ಅಳೆಯುವುದು ಆಮ್ಲಜನಕವನ್ನು, ವಿಷದ ಅನಿಲವನ್ನಲ್ಲ. ಅಲಾರಂ ವಿಷಯದಲ್ಲಿಯೂ ಒಂದು ಮಾತು ತಿಳಿದಿರಬೇಕು. ಹತ್ತು ಲಕ್ಷ ಭಾಗ ಗಾಳಿಯಲ್ಲಿ 70 ಭಾಗ ಈ ಅನಿಲವಿದ್ದರೆ ಅದು ಕೂಗಲು ಒಂದರಿಂದ ನಾಲ್ಕು ಗಂಟೆಯವರೆಗೆ ಹಿಡಿಯಬಹುದು, 400 ಭಾಗವಿದ್ದರೆ ನಾಲ್ಕರಿಂದ ಹದಿನೈದು ನಿಮಿಷ. ಅದು ಸುಮ್ಮನಿದೆ ಎಂದ ಮಾತ್ರಕ್ಕೆ ಕೂಸಿರುವ ಮನೆಯ ಗಾಳಿ ಶುದ್ಧವಾಗಿದೆ ಎಂದಲ್ಲ.

ಹೊಗೆಕೊಳವೆ ಇಲ್ಲದ ಹೀಟರಿನಿಂದ ಇನ್ನೊಂದು ಉಪದ್ರವವಿದೆ. ಒಂದು ಕಿಲೋ ಪ್ರೊಪೇನ್ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಿನ ಆವಿ ಹುಟ್ಟುತ್ತದೆ. ಅದು ತಣ್ಣನೆಯ ಗೋಡೆ, ಕಿಟಕಿ, ಕಬ್ಬಿಣದ ಮೇಲೆ ಹನಿಯಾಗಿ ಕೂರುತ್ತದೆ. ಅಪ್ಪ ಊರಿನಿಂದ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಉಳಿಗಳ ಬಾಯಿಗೆ ಆ ಒಂದೇ ವಾರದಲ್ಲಿ ಕೆಂಪು ತುಕ್ಕು ಹಿಡಿದಿತ್ತು. ಸೀಮೆಎಣ್ಣೆಯ ಹೀಟರಿಗೂ ಇದೇ ಮಾತು, ಅದಕ್ಕೆ ವಾಸನೆ ಬೇರೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ನಮ್ಮ ನಿರ್ಧಾರಕ್ಕೆ ಬರುವ ಮೊದಲು ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್ ಒಬ್ಬರ ಜೊತೆ ಕುಳಿತು ಲೆಕ್ಕ ಹಾಕಿದೆವು. ಆ ಲೆಕ್ಕವನ್ನು ಇಲ್ಲಿ ಕೊಡುತ್ತೇನೆ, ಏಕೆಂದರೆ ಅಂಗಡಿಯಲ್ಲಿ ಎಲ್ಲರೂ ಹೀಟರಿನ ಗಾತ್ರವನ್ನೇ ಹೇಳುತ್ತಾರೆ, ಗೋಡೆಯ ಮಾತು ಎತ್ತುವುದಿಲ್ಲ.

ನಮ್ಮ ಗ್ಯಾರೇಜ್ 22 ಅಡಿ ಉದ್ದ, 22 ಅಡಿ ಅಗಲ, 9 ಅಡಿ ಎತ್ತರ. ಎರಡು ಕಾರು ನಿಲ್ಲುವಷ್ಟು. ಹೊರಗೆ ಸೊನ್ನೆ ಫ್ಯಾರನ್‌ಹೀಟ್, ಅಂದರೆ ಸೊನ್ನೆಯ ಕೆಳಗೆ ಸುಮಾರು 18 ಡಿಗ್ರಿ ಸೆಲ್ಸಿಯಸ್ ಇದ್ದಾಗ ಒಳಗೆ 50 ಫ್ಯಾರನ್‌ಹೀಟ್, ಅಂದರೆ 10 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ಇಟ್ಟುಕೊಂಡೆವು. ಚಾವಣಿಯಿಂದಾಗಲಿ ಗೋಡೆಯಿಂದಾಗಲಿ ಗಂಟೆಗೆ ಎಷ್ಟು ಶಾಖ ಸೋರುತ್ತದೆ ಎಂದು ತಿಳಿಯಲು ಅದರ ಚದರಡಿಯನ್ನು ಒಳ ಹೊರಗಿನ ಉಷ್ಣಾಂಶದ ಫ್ಯಾರನ್‌ಹೀಟ್ ವ್ಯತ್ಯಾಸದಿಂದ ಗುಣಿಸಿ, ‘ಆರ್’ ಎಂದು ಕರೆಯುವ ನಿರೋಧಕ ಸಂಖ್ಯೆಯಿಂದ ಭಾಗಿಸಬೇಕು. ಬರುವ ಉತ್ತರ ಬಿಟಿಯು ಎಂಬ ಶಾಖದ ಅಳತೆಯಲ್ಲಿರುತ್ತದೆ; ಒಂದು ಕಿಲೋವ್ಯಾಟಿನ ಹೀಟರ್ ಕೊಡುವುದು ಗಂಟೆಗೆ ಸುಮಾರು 3,400 ಬಿಟಿಯು. ನಮ್ಮ ಚಾವಣಿ 484 ಚದರಡಿ. ಬರಿಯ ಹಲಗೆಯಾಗಿದ್ದಾಗ ಅದರ ಆರ್ ಸಂಖ್ಯೆ ಹೆಚ್ಚೆಂದರೆ 2, ಅಂದರೆ ಸೋರಿಕೆ ಗಂಟೆಗೆ 12,100 ಬಿಟಿಯು. ಅದರ ಮೇಲೆ ಆರ್ 30ರಷ್ಟು ಗಾಜಿನ ಉಣ್ಣೆ ಹಾಸಿದರೆ ಅದೇ ಚಾವಣಿಯಿಂದ ಹೋಗುವುದು ಸುಮಾರು 800 ಮಾತ್ರ. ಗೋಡೆ, ದೊಡ್ಡ ಬಾಗಿಲು, ನೆಲದ ಅಂಚು, ಸಂದಿಗಳಿಂದ ನುಗ್ಗುವ ಗಾಳಿ ಎಲ್ಲವನ್ನೂ ಸೇರಿಸಿದಾಗ, ಏನೂ ಮಾಡದ ಗ್ಯಾರೇಜಿಗೆ ಸುಮಾರು 10 ಕಿಲೋವ್ಯಾಟ್ ಹೀಟರ್ ಬೇಕಿತ್ತು. ಉಣ್ಣೆ ತುಂಬಿ, ಬಾಗಿಲಿನ ಕೆಳಗೆ ರಬ್ಬರ್ ಪಟ್ಟಿ ಬದಲಾಯಿಸಿದ ಮೇಲೆ 3 ಕಿಲೋವ್ಯಾಟ್ ಸಾಕಾಗುತ್ತಿತ್ತು. ಬೇಗ ಬೆಚ್ಚಗಾಗಲಿ, ಇನ್ನೂ ಚಳಿಯ ದಿನಕ್ಕೂ ಒದಗಲಿ ಎಂದು ನಾವು 5 ಕಿಲೋವ್ಯಾಟಿನದನ್ನು ಆರಿಸಿದೆವು. ಹೀಟರಿಗೆ ಕೊಟ್ಟದ್ದಕ್ಕಿಂತ ಉಣ್ಣೆಗೆ ಹೆಚ್ಚು ಹಣ ಹೋಯಿತು, ಅದರ ಬಗ್ಗೆ ನನಗೆ ಸ್ವಲ್ಪವೂ ಬೇಸರವಿಲ್ಲ.

ಇಲ್ಲಿನ ಅಂಗಡಿಗಳಲ್ಲಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ಹೀಟರುಗಳು ರಾಶಿ ರಾಶಿ ಸಿಗುತ್ತವೆ. ಸೆರಾಮಿಕ್, ಎಣ್ಣೆ ತುಂಬಿದ್ದು, ಇನ್‌ಫ್ರಾರೆಡ್ ಎಂದು ಬೆಲೆ ಹತ್ತಾರು ಬಗೆ. ಆದರೆ ಹೆಚ್ಚುಕಮ್ಮಿ ಅವೆಲ್ಲವೂ 1,500 ವ್ಯಾಟಿನವು, ಕೊಡುವ ಶಾಖವೂ ಒಂದೇ: ಗಂಟೆಗೆ ಸುಮಾರು 5,100 ಬಿಟಿಯು. ಕರೆಂಟಿನಿಂದ ನೇರವಾಗಿ ಕಾಯುವ ಯಾವ ಹೀಟರೂ ಹೆಚ್ಚು ಬೆಲೆಯದ್ದೆಂದು ಹೆಚ್ಚು ಶಾಖ ಕೊಡಲಾರದು. ಇನ್‌ಫ್ರಾರೆಡ್‌ಗೆ ಒಂದು ಗುಣವಿದೆ: ಅದು ಗಾಳಿಯನ್ನು ಕಾಯಿಸುವ ಬದಲು ಎದುರಿಗಿರುವ ಮೈಯನ್ನು ಬಿಸಿಲಿನ ಹಾಗೆ ಕಾಯಿಸುತ್ತದೆ. ಒಂದೇ ಮೇಜಿನ ಮುಂದೆ ಅರ್ಧ ಗಂಟೆ ನಿಂತು ಕೆಲಸ ಮಾಡುವವರಿಗೆ ಅದು ಒಳ್ಳೆಯದೇ. ಗೋಂದು ಹಿಡಿಯಬೇಕಾದರೆ, ನೀರಿನ ಕೊಳವೆ ಹೆಪ್ಪುಗಟ್ಟದಿರಬೇಕಾದರೆ ಇಡೀ ಜಾಗ ಬೆಚ್ಚಗಿರಬೇಕು. ಇನ್ನು 120 ವೋಲ್ಟಿನ ಇಲ್ಲಿನ ಪ್ಲಗ್ಗಿನಲ್ಲಿ 1,500 ವ್ಯಾಟ್ ಎಂದರೆ 12.5 ಆಂಪಿಯರ್. ಸತತವಾಗಿ ಉರಿಸಿದರೆ 15 ಆಂಪಿಯರಿನ ಸರ್ಕಿಟ್ಟಿಗೆ ಅದೊಂದೇ ಹೆಚ್ಚಾಯಿತು, ಅದೇ ಸಾಲಿನಲ್ಲಿ ಗರಗಸದ ಯಂತ್ರ ಓಡಿಸಿದರೆ ಬ್ರೇಕರ್ ಬೀಳುವುದು ಖಂಡಿತ. ಎಕ್ಸ್‌ಟೆನ್ಶನ್ ವೈರ್ ಎಳೆದು ಹೀಟರ್ ಹಚ್ಚುವುದನ್ನಂತೂ ಯಾರೂ ಮಾಡಬಾರದು. ತೆಳುವಾದ ವೈರ್ ಸುರುಳಿಯಲ್ಲಿಯೇ ಕಾದು, ಪ್ಲಾಸ್ಟಿಕ್ ಮೆತ್ತಗಾಗಿ, ಮರದ ಪುಡಿಗೆ ಬೆಂಕಿ ಹತ್ತಲು ಹೆಚ್ಚು ಹೊತ್ತು ಬೇಡ.

ನಾವು ಹಾಕಿಸಿದ್ದು ಚಾವಣಿಗೆ ತೂಗುಹಾಕುವ, ಫ್ಯಾನ್ ಇರುವ, 240 ವೋಲ್ಟಿನ ಹೀಟರ್. ಅದಕ್ಕೆ 21 ಆಂಪಿಯರ್ ಬೇಕು, ಸತತವಾಗಿ ಉರಿಯುವುದರಿಂದ ಕಾಲು ಭಾಗ ಹೆಚ್ಚಿಗೆ ಇಟ್ಟುಕೊಂಡು 30 ಆಂಪಿಯರಿನ ಪ್ರತ್ಯೇಕ ಬ್ರೇಕರ್ ಮತ್ತು 10 ಗೇಜ್ ದಪ್ಪದ ತಾಮ್ರದ ತಂತಿಯನ್ನು ಎಲೆಕ್ಟ್ರಿಶಿಯನ್ ಎಳೆದರು. ಮೊದಲು ನಗರಾಡಳಿತದ ಅನುಮತಿ, ಕೊನೆಯಲ್ಲಿ ಇನ್‌ಸ್ಪೆಕ್ಟರ್ ಬಂದು ನೋಡಿ ಸಹಿ ಹಾಕಿದ್ದು ಎರಡೂ ಆದವು. ಮೇಲೆ ತೂಗುಹಾಕುವುದಕ್ಕೆ ಜಾಗ ಉಳಿಸುವುದೊಂದೇ ಕಾರಣವಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಾರಿನಿಂದಲೋ ಹುಲ್ಲು ಕತ್ತರಿಸುವ ಯಂತ್ರದಿಂದಲೋ ಸೋರಿದರೆ ನೆಲದ ಮೇಲೆಯೇ ಹರಡಿಕೊಳ್ಳುತ್ತದೆ. ಆದ್ದರಿಂದಲೇ ಗ್ಯಾರೇಜಿನಲ್ಲಿ ಕಿಡಿ ಹುಟ್ಟಿಸಬಲ್ಲ ಉಪಕರಣ ನೆಲದಿಂದ ಕನಿಷ್ಠ 18 ಅಂಗುಲ ಮೇಲಿರಬೇಕೆಂಬ ನಿಯಮ ಇಲ್ಲಿದೆ. ನೆಲದ ಮೇಲಿಡುವ ಸಣ್ಣ ಹೀಟರುಗಳು ಈ ಒಂದು ಕಾರಣಕ್ಕೇ ಕಾರಿರುವ ಗ್ಯಾರೇಜಿಗೆ ತಕ್ಕವಲ್ಲ. ಯಾವ ಹೀಟರೇ ಆದರೂ ಅದರ ಸುತ್ತ ಮೂರು ಅಡಿ ಜಾಗದಲ್ಲಿ ರಟ್ಟಿನ ಡಬ್ಬ, ಬಟ್ಟೆ, ಬಣ್ಣದ ಡಬ್ಬಿ ಏನೂ ಇರಬಾರದು.

ದಿನವೂ ಗ್ಯಾರೇಜಿನಲ್ಲಿ ಕೆಲಸ ಮಾಡುವವರಿಗೆ ಹೊರಗೋಡೆಗೆ ಹೊಗೆಕೊಳವೆ ಜೋಡಿಸಿದ ನೈಸರ್ಗಿಕ ಅನಿಲದ ಹೀಟರ್ ಅಗ್ಗವಾದೀತು. ನಮ್ಮ ಬಿಲ್ಲುಗಳ ಪ್ರಕಾರ ಅಷ್ಟೇ ಶಾಖಕ್ಕೆ ಕರೆಂಟಿನ ಖರ್ಚು ಅನಿಲದ ಮೂರು ಪಟ್ಟಿಗೂ ಹೆಚ್ಚು. ಅದರಲ್ಲಿಯೂ ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದುಕೊಂಡು, ಉರಿದದ್ದನ್ನು ಹೊರಗೇ ಬಿಡುವ ಮುಚ್ಚಿದ ಬಗೆಯದನ್ನೇ ಕೊಳ್ಳಬೇಕು. ಮರದ ಪುಡಿ ಹಾರುವ ಜಾಗಕ್ಕೆ ಅದೊಂದೇ ಸರಿ. ನಾವು ವಾರಕ್ಕೆರಡು ದಿನ ಮೂರು ಮೂರು ಗಂಟೆ ಹಚ್ಚುವವರು. ದಿನಕ್ಕೆ ಹೆಚ್ಚೆಂದರೆ 15 ಯೂನಿಟ್, ಎರಡೂಕಾಲು ಡಾಲರಿನ ಆಸುಪಾಸು. ಅಷ್ಟಕ್ಕೆ ಗೋಡೆ ಕೊರೆಸಿ ಅನಿಲದ ಕೊಳವೆ ಎಳೆಸುವ ಅಗತ್ಯ ಕಾಣಲಿಲ್ಲ. ಕಾರನ್ನು ಬೆಚ್ಚಗಿಡಲೆಂದು ದಿನವಿಡೀ ಹೀಟರ್ ಹಚ್ಚಿಡುವುದನ್ನು ನಾನು ಒಪ್ಪುವುದಿಲ್ಲ. ರಸ್ತೆಗೆ ಹಾಕಿದ ಉಪ್ಪು ಕಾರಿನ ತಳಕ್ಕೆ ಮೆತ್ತಿಕೊಂಡಿರುತ್ತದೆ, ಹಿಮ ಕರಗಿ ಒದ್ದೆಯಾದಾಗ ಬೆಚ್ಚನೆಯ ಜಾಗದಲ್ಲಿ ತುಕ್ಕು ಬೇಗ ಹಿಡಿಯುತ್ತದೆ.

ಸಂಪಾದಕರೇ, ನಿಮ್ಮಲ್ಲಿ ನನ್ನ ವಿನಂತಿ ಇಷ್ಟು. ಕೆಂಡದ ಸಾವಿನ ಸುದ್ದಿಯಾಗಲಿ, ಬೆಂಗಳೂರಿನಂಥ ಊರುಗಳ ಸಣ್ಣ ಬಚ್ಚಲುಮನೆಗಳಲ್ಲಿ ಗ್ಯಾಸ್ ಗೀಸರಿನಿಂದಾಗುವ ಸಾವಿನ ಸುದ್ದಿಯಾಗಲಿ ಬಂದಾಗ, ‘ಹೊಗೆ’ ಎಂದು ಬರೆಯದೆ ‘ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ’ ಎಂದು ಬರೆಸಿ. ತಲೆನೋವು, ವಾಕರಿಕೆ ಅದರ ಮೊದಲ ಸೂಚನೆ, ಆಗ ಮಾಡಬೇಕಾದದ್ದು ಕೂಡಲೇ ಹೊರಗೆ ಬರುವುದು ಎಂಬ ಎರಡು ಸಾಲನ್ನು ಸುದ್ದಿಯ ಕೊನೆಗೆ ಸೇರಿಸಿ. ನಮ್ಮಪ್ಪ ನಲವತ್ತು ವರ್ಷದಿಂದ ದಿನಪತ್ರಿಕೆ ಓದುವವರು. ಆ ಎರಡು ಸಾಲನ್ನು ಎಲ್ಲಿಯಾದರೂ ಓದಿದ್ದರೆ ಅವರು ಅಂದು ಕಾಫಿ ಕೇಳುತ್ತಿರಲಿಲ್ಲ, ಬಾಗಿಲು ತೆರೆಯುತ್ತಿದ್ದರು ಎಂದು ಅವರೇ ಹೇಳುತ್ತಾರೆ.

ಈ ಚಳಿಗಾಲದಲ್ಲಿ ಮಕ್ಕಳ ಮನೆಗೆ ಹೊರಟಿರುವ ಹಿರಿಯರು ಫೋನಿನಲ್ಲಿ ಒಂದು ಮಾತು ಕೇಳಲಿ. ಮಿನ್ನೆಸೋಟಾದ ಕಾನೂನಿನಂತೆ ಪ್ರತಿ ಮಲಗುವ ಕೋಣೆಯಿಂದ 10 ಅಡಿಯೊಳಗೆ ಕಾರ್ಬನ್ ಮಾನಾಕ್ಸೈಡಿನ ಅಲಾರಂ ಇರಬೇಕು. ನಿಮಗೆ ಕೊಡುವ ಕೋಣೆಯ ಹತ್ತಿರ ಇದೆಯೇ ಎಂದು ವಿಚಾರಿಸಿ. ಇದ್ದರೆ, ಮಕ್ಕಳು ಅದನ್ನು ಗೋಡೆಯಿಂದ ತೆಗೆದು ಹಿಂದುಗಡೆ ಅಚ್ಚಾಗಿರುವ ದಿನಾಂಕವನ್ನು ಓದಿ ಹೇಳಲಿ. ಅದಕ್ಕೂ ಆಯುಷ್ಯವಿದೆ, ಐದರಿಂದ ಹತ್ತು ವರ್ಷ. ನಮ್ಮ ಮನೆಯದನ್ನು ಮಗು ಹುಟ್ಟುವ ಮೊದಲಿನ ತಿಂಗಳಷ್ಟೇ ಬದಲಾಯಿಸಿದ್ದೆವು. ತೆಗೆದುಹಾಕಿದ ಹಳೆಯದು ಆಗಲೇ ಕೂಗುವುದನ್ನು ನಿಲ್ಲಿಸಿತ್ತು.

ಇಂತು ತಮ್ಮ ವಿಶ್ವಾಸಿ,
ಮಿನ್ನಿಯಾಪೊಲಿಸ್ ಸಮೀಪದ ಓದುಗಾರ್ತಿ